ಎರಡು ಕಟ್ಟೆಗಳ ನಡುವಿನ ಹೊಲ

ಕೆಳಗಿನ ಊರಿನಲ್ಲಿ ನಾನು ಬಾಳಿದ್ದು ಎರಡು ವರ್ಷವೂ ಪೂರಾ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರ ಮಂದಿ ನನ್ನನ್ನು ಆ ಊರನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ಕೂತವಳು ಅಂತ ತಿಳಿದಿದ್ದಾರೆ. ಹಾಗೇನೂ ಇಲ್ಲ. ನಾನು ಸೊಸೆಯಾಗಿ ಬಂದವಳು. ಆಗ ಹೊಸ ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತ ನಡೆಯಬೇಕು. ನಾನು ನೋಡಿದ್ದು ನನ್ನ ಕಾಲ್ಬೆರಳು, ಮುಂದೆ ನಡೆಯುವ ಅತ್ತೆಯ ಹಿಮ್ಮಡಿ, ಮನೆಯಿಂದ ಹೊಳೆಗೆ ಹೋಗುವ ದಾರಿ, ಮನೆಯಿಂದ ಹೊಲಕ್ಕೆ ಬುತ್ತಿ ಒಯ್ಯುವ ದಾರಿ. ನನ್ನ ಊರು ಅಷ್ಟೇ.

ಆ ಊರು ಈಗ ನೀರಿನಲ್ಲಿದೆ. ಸವದತ್ತಿಯ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು, ನೀರು ಹಿಂದಕ್ಕೆ ಏರುತ್ತ ಬಂತು, ನಾವು ತೊಲೆ, ಬಾಗಿಲು, ಒಳಕಲ್ಲು, ದನ ಎಲ್ಲ ಕಟ್ಟಿಕೊಂಡು ಮೇಲಿನ ದಿನ್ನೆಗೆ ಬಂದೆವು. ಊರ ದೇವರು ಹಣಮಪ್ಪನನ್ನು ಕಂಬಳಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ತಂದರು. ಅದರ ಹಿಂದೆಯೇ ನಮ್ಮ ಚಕ್ಕಡಿ. ನಾನು ಜೋಳದ ಚೀಲದ ಮೇಲೆ ಕೂತಿದ್ದೆ. ಅತ್ತೆ ಅತ್ತಳು, ಓಣಿಯ ಹೆಂಗಸರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಹೊಸ ಮನೆಯಿಂದ ನೀರು ಎಷ್ಟು ದೂರ ಅನ್ನುವುದೊಂದೇ ಚಿಂತೆ, ಯಾಕೆಂದರೆ ಕೊಡ ಹೊರುವವಳು ನಾನು.

ನೀರು ವರ್ಷವಿಡೀ ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. ಸಂಕ್ರಾಂತಿ ದಾಟಿದ ಮೇಲೆ ಕಾಲುವೆಗೆ ಹರಿದು ಹರಿದು ಇಳಿಯುತ್ತದೆ, ನಮ್ಮ ಹಳೇ ಹೊಲಗಳು ಒಂದೊಂದಾಗಿ ಮೈ ತೋರಿಸುತ್ತವೆ. ಕಾಗದದ ಮೇಲೆ ಆ ನೆಲ ಸರಕಾರದ್ದು. ಆದರೆ ಹೂಳು ಕೂತ ಎರೆಮಣ್ಣು, ಒಳಗೆ ಹಸಿ. ಒಂದು ಹನಿ ಮಳೆ ಬೇಡ; ಹೆಸರುಕಾಳು ಊರಿದರೆ ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಅದನ್ನು ಬಿಡುವವರು ಯಾರು? ಹಿಂದೆ ಯಾರ ಹೊಲ ಎಲ್ಲಿತ್ತೋ ಅವರು ಅಲ್ಲೇ ಬಿತ್ತಬೇಕು, ಅದು ನಮ್ಮ ಊರಿನ ಕಟ್ಟಳೆ. ತೊಡಕು ಏನೆಂದರೆ ಗಡಿ ತೋರಿಸುವ ಬಾಂದಗಲ್ಲುಗಳೆಲ್ಲ ಹೂಳಿನೊಳಗೆ ಹೋಗಿವೆ. ಹೀಗಾಗಿ ನೀರು ಇಳಿದಾಗೆಲ್ಲ ಹೊಸದಾಗಿ ಗೆರೆ ಹಾಕಬೇಕು.

ಒಂದೊಂದು ಹೊಲದ ಗೆರೆಗೆ ಒಂದೊಂದು ಗುರುತು. ನಮ್ಮ ಹೊಲಕ್ಕೂ ಬಾಜೂ ಮನೆಯವರ ಹೊಲಕ್ಕೂ ನಡುವಿನ ಗೆರೆಗೆ ಗುರುತು ಹಣಮಪ್ಪನ ಹಳೇ ಗುಡಿಯ ಕಟ್ಟೆ. ಗುಡಿ ಹೋದರೂ ಕಟ್ಟೆ ಉಳಿದಿದೆ. ಕೆಳಗಿನ ಊರಿನಲ್ಲಿ ಬಾಳಿದವರೊಬ್ಬರು ಆ ಕಟ್ಟೆಯ ಮೇಲೆ ನಿಂತು ಎಲ್ಲಮ್ಮನ ಗುಡ್ಡದ ಎಡತುದಿಗೆ ಕೈ ಚಾಚಬೇಕು. ಆ ಕೈಯ ನೇರಕ್ಕೆ ಎರಡೂ ಮನೆಯವರು ಒಂದು ಕಬ್ಬಿಣದ ಬುಟ್ಟಿಯಲ್ಲಿ ಬೂದಿ ತುಂಬಿ, ಬುಟ್ಟಿಯ ಒಂದು ಕಿವಿ ಇವರು ಒಂದು ಕಿವಿ ಅವರು ಹಿಡಿದು, ಬೂದಿ ಚೆಲ್ಲುತ್ತ ನಡೆಯುತ್ತಾರೆ. ಒಬ್ಬರು ತಮ್ಮ ಕಡೆ ಜಗ್ಗಿದರೆ ಬುಟ್ಟಿ ವಾಲುತ್ತದೆ, ದಂಡೆಯ ಮೇಲೆ ನಿಂತವರು ನಗುತ್ತಾರೆ. ಗೆರೆಯ ಎಡಕ್ಕೆ ನಮ್ಮದು, ಬಲಕ್ಕೆ ಅವರದು.

ಮೊದಲು ನಮ್ಮ ಮಾವ ನಿಂತ. ಆಮೇಲೆ ನನ್ನ ಗಂಡ ನಿಂತ. ಆಗ ಬುಟ್ಟಿಯ ಆ ಕಡೆಯ ಕಿವಿ ಹಿಡಿಯುತ್ತಿದ್ದವನು ಬಾಜೂ ಮನೆಯವನ ಅಪ್ಪ, ಅವನೂ ಈಗ ಇಲ್ಲ. ಆಗೆಲ್ಲ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ, ಅವರು ಎಲ್ಲಿ ನಿಂತರು ಹೇಗೆ ನಿಂತರು ನೋಡಿದವಳಲ್ಲ. ಗಂಡ ಸತ್ತ ಮೇಲೆ ನಾಲ್ಕು ವರ್ಷ ಮಳೆ ಚೆನ್ನಾಗಿ ಆಗಿ ನೀರು ಅಷ್ಟು ಕೆಳಗೆ ಇಳಿಯಲೇ ಇಲ್ಲ. ಐದನೇ ವರ್ಷ ಇಳಿಯಿತು. ಮಗ ಅಲ್ಲಿಯ ತನಕ ಬೈಲಹೊಂಗಲದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು, ಅವನಿಗೆ ಹೊಲವೂ ಗೊತ್ತಿಲ್ಲ ಗೆರೆಯೂ ಗೊತ್ತಿಲ್ಲ. ಬಾಜೂ ಮನೆಯವನು ಬಂದು, "ದೊಡ್ಡವ್ವಾ, ಮ್ಯಾಲಿನ ಓಣ್ಯಾಗ ಆ ಊರ ಕಂಡಾಕಿ ನೀವೊಬ್ಬಾಕಿನ ಉಳದೀರಿ, ನೀವ ನಿಂದ್ರ್ರಿ" ಅಂದ. ಹೋದೆ. ಕೆಸರಿನಲ್ಲಿ ಒಂದು ಕಟ್ಟೆ ಮಾತ್ರ ಮೇಲೆದ್ದು ಕಾಣುತ್ತಿತ್ತು. ಹತ್ತಿ ನಿಂತೆ. ಕೈ ಚಾಚಿದೆ. ಯಾರೂ ಏನೂ ಕೇಳಲಿಲ್ಲ. ಆಮೇಲೆ ಹನ್ನೊಂದು ವರ್ಷ ನಾನು ಅಲ್ಲೇ ನಿಂತೆ.

ಬಾಜೂ ಮನೆಯವನು ಸತ್ತು ಮೂರು ವರ್ಷ ಆಯಿತು. ಈಗ ಬುಟ್ಟಿಯ ಆ ಕಡೆಯ ಕಿವಿ ಹಿಡಿಯುವವಳು ಅವನ ಹೆಂಡತಿ. ನಮಗೆ ಮೇಲೆಯೂ ಹೊಲ ಇದೆ. ಅವರಿಗೆ ಮೇಲೆ ಮನೆ ಬಿಟ್ಟರೆ ಬೇರೇನೂ ಇಲ್ಲ. ಕೆಳಗಿನ ಈ ಒಂದು ಪಟ್ಟಿಯೇ ಅವರದು ಅನ್ನುವ ಹೊಲ, ಅದೂ ಅಗಲವಿಲ್ಲ. ಉಳಿದ ದಿನ ಅವಳು ಮಂದಿಯ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ಮಾತು ಜೋರು, ಕೈ ಅದಕ್ಕಿಂತ ಜೋರು.

ಈ ವರ್ಷ ನೀರು ಇಳಿದ ಮರುದಿನ ಬೆಳಿಗ್ಗೆ ಅವಳು ನಮ್ಮ ಪಡಸಾಲೆಗೆ ಬಂದು ನಿಂತಳು. ಮೊಣಕಾಲ ತನಕ ಕೆಸರು.

"ದೊಡ್ಡವ್ವಾ, ಏಳ್ರಿ. ನಿಮ್ಮ ಕಟ್ಟಿಗೆ ಜೋಡಿ ಬಂದೈತಿ."

"ಜೋಡಿ ಬರಾಕ ಅದೇನ್ ಎತ್ತೇನ?" ಅಂದೆ.

"ನಗಬ್ಯಾಡ್ರಿ. ಬಂದ್ ನೋಡ್ರಿ."

ಹೋಗಿ ನೋಡಿದೆ. ಹೋದ ಬೇಸಿಗೆಯಲ್ಲಿ ಮಂದಿ ಟ್ರ್ಯಾಕ್ಟರ್ ಹಚ್ಚಿ ಮೇಲಿನ ಹೊಲಗಳಿಗೆ ಹೂಳು ಒಯ್ದಿದ್ದರು. ತೋಡಿದ ಆ ತೆಗ್ಗಿನಲ್ಲಿ, ನಾನು ನಿಲ್ಲುವ ಕಟ್ಟೆಯಿಂದ ಎಡಕ್ಕೆ ಇಪ್ಪತ್ತೆರಡು ಹೆಜ್ಜೆಗೆ, ಇನ್ನೊಂದು ಕಟ್ಟೆ ಎದ್ದಿತ್ತು. ಅದೇ ಅಳತೆ, ಅದೇ ಕರೀ ಕಲ್ಲು, ಅದೇ ಮೂರು ಮೆಟ್ಟಿಲು. ಒಂದು ಗುಡಿಯದ್ದು, ಒಂದು ಚಾವಡಿಯದ್ದು. ಅಷ್ಟು ನನಗೂ ಗೊತ್ತು, ಕೆಳಗಿನ ಊರಿನಲ್ಲಿ ಗುಡಿಗೆ ಹತ್ತಿಯೇ ಚಾವಡಿ ಇತ್ತು. ಯಾವುದು ಯಾವುದು ಅನ್ನುವುದು ಗೊತ್ತಿಲ್ಲ.

ಎಡಗಡೆಯದು ಗುಡಿಯಾದರೆ ಗೆರೆ ನಮ್ಮ ಕಡೆಗೆ ಇಪ್ಪತ್ತೆರಡು ಹೆಜ್ಜೆ ಸರಿಯುತ್ತದೆ. ಅಷ್ಟು ಅಗಲದ ನೆಲ ಉದ್ದಕ್ಕೂ ಬಾಜೂ ಮನೆಯವಳದು, ನಾವು ಹನ್ನೊಂದು ವರ್ಷ ಅವರ ಹೊಲದಲ್ಲಿ ಹೆಸರು ಬೆಳೆದುಕೊಂಡಿದ್ದೇವೆ. ಬಲಗಡೆಯದು ಗುಡಿಯಾದರೆ ಏನೂ ಆಗಿಲ್ಲ. ಇದನ್ನು ಹೇಳಬೇಕಾದವಳು ನಾನು. ಹಸಿ ಆರುವುದರೊಳಗೆ ಹೇಳಬೇಕು. ಎರೆಮಣ್ಣು ಮೂರ್ನಾಲ್ಕು ದಿನ ಬಿಸಿಲು ಕಂಡರೆ ಬಿರುಕು ಬಿಡುತ್ತದೆ, ಆಮೇಲೆ ಕಾಳು ಊರಿದರೂ ಒಂದೇ, ಬಿಟ್ಟರೂ ಒಂದೇ.

ನಾನು ಎರಡೂ ಕಟ್ಟೆಗಳ ನಡುವೆ ನಿಂತು ನೆನಪು ಮಾಡಿಕೊಳ್ಳಲು ನೋಡಿದೆ. ಮೆಟ್ಟಿಲು ನೆನಪಾಯಿತು. ಕೊಡ ಇಳಿಸಿದ್ದು, ಮೆಟ್ಟಿಲ ಸಂದಿಯಲ್ಲಿ ಏಡಿ ಹರಿದಾಡಿದ್ದು, ಯಾರೋ ಮುದುಕಿ ಬೈದದ್ದು. ಸ್ವಲ್ಪ ಹೊತ್ತಿಗೆ ಅದು ಈ ಊರಿನ ಮೆಟ್ಟಿಲೇ ಅಲ್ಲ ಅನ್ನಿಸಿತು. ನನ್ನ ತವರು ರಾಮದುರ್ಗದ ಕಡೆ, ಅಲ್ಲಿಯೂ ಇದೇ ಹೊಳೆ, ಇದೇ ನಮೂನೆಯ ಕಲ್ಲು, ಅಲ್ಲಿಯೂ ಏಡಿ, ಅಲ್ಲಿಯೂ ಬೈಯುವ ಮುದುಕಿಯರು. ತವರಿನ ಮೆಟ್ಟಿಲು ತಂದು ಇಲ್ಲಿ ಇಟ್ಟಿದ್ದೇನೋ, ಇಲ್ಲಿಯದನ್ನು ಅಲ್ಲಿ ಇಟ್ಟಿದ್ದೇನೋ. ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲವಾದ್ದರಿಂದ ಎರಡೂ ಕೂಡಿಕೊಂಡು ಒಂದೇ ಆಗಿ ಕೂತಿದ್ದವು.

ಮಗ ಬಂದ. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಯವ್ವಾ, ನೀ ಹನ್ನೊಂದ್ ವರ್ಷ ಎಲ್ಲಿ ನಿಂತಿ, ಅಲ್ಲೇ ನಿಂದ್ರು. ಮುಗೀತು."

"ಹನ್ನೊಂದ್ ವರ್ಷ ತಪ್ಪ್ ಜಾಗಾದಾಗ ನಿಂತಿದ್ರ?"

"ತಪ್ಪಂತ ಯಾರ್ ಹೇಳ್ಯಾರ?"

"ಸರಿ ಅಂತರೇ ಯಾರ್ ಹೇಳ್ಯಾರ?"

ಬಾಜೂ ಮನೆಯವಳು ನಡುವೆ ಬಾಯಿ ಹಾಕಲಿಲ್ಲ. ಅದೇ ನನಗೆ ಹೆಚ್ಚು ಕಿರಿಕಿರಿ. ಜಗಳ ತೆಗೆದಿದ್ದರೆ ನಾನೂ ಒಂದು ಕಡೆ ಹಿಡಿದು ಕೂಗುತ್ತಿದ್ದೆ. ಅವಳು, "ದೊಡ್ಡವ್ವ ಹೇಳಿದ್ದ ಖರೆ. ಅವರ ಎಲ್ಲಿ ನಿಂದ್ರತಾರ, ಅಲ್ಲೇ ಗೆರಿ" ಅಂದಳು, ಅಷ್ಟೇ. ನನ್ನ ಮೇಲೆ ಇಷ್ಟು ಭಾರ ಹಾಕಲು ಇವಳಿಗೆ ಯಾರು ಹೇಳಿಕೊಟ್ಟರೋ.

ಮರುದಿನ ಕಂಡಕ್ಟರನನ್ನು ಕರೆಸಿದೆವು. ಕೆಳಗಿನ ಓಣಿಯವನು. ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾಗಿದ್ದಾನೆ, ಈಗ ಅವರ ಮನೆಯಲ್ಲಿ ಬುದ್ಧನ ಫೋಟೋ ಇದೆ. ಊರು ಬಿಟ್ಟು ಏಳುವಾಗ ಅವನಿಗೆ ಏಳೋ ಎಂಟೋ ವರ್ಷ. ಇಡೀ ಊರಿನಲ್ಲಿ ಆ ಗುಡಿ ನಿಂತಿದ್ದನ್ನು ಕಂಡವರು ಈಗ ಅವನು ಒಬ್ಬ, ನಾನು ಒಬ್ಬಳು. ಮಗ ಅವನಿಗೆ ಎರಡೂ ಕಟ್ಟೆ ತೋರಿಸಿ, "ಯಾವ್ದು ಗುಡಿ ಹೇಳ್ರಿ" ಅಂದ.

ಕಂಡಕ್ಟರ್ ಸೊಂಟದ ಮೇಲೆ ಕೈ ಇಟ್ಟುಕೊಂಡು ಎರಡನ್ನೂ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಅಕ್ಕಾರ, ಯರಗಟ್ಟಿಯಿಂದ ಸವದತ್ತಿಗೆ ಎಷ್ಟ್ ಸ್ಟಾಪ್ ಕೇಳ್ರಿ, ನಿದ್ದಿಗಣ್ಣಾಗ ಹೇಳತೇನಿ. ಈ ಕಟ್ಟಿ ಕೇಳಬ್ಯಾಡ್ರಿ. ನಮ್ಮನ್ನ ಯಾವತ್ತರೆ ಮ್ಯಾಲ ಹತ್ತಿಸಿಕೊಂಡಿದ್ರ ಅಲ್ಲೇನ್ರಿ ಗುರ್ತ ಹಿಡ್ಯಾಕ?"

ಮಗ ಕೆಸರು ಒರೆಸಿಕೊಳ್ಳುವ ನೆವ ಮಾಡಿದ. ಕಂಡಕ್ಟರನೇ ಮುಂದುವರಿಸಿದ.

"ಒಂದ್ ಚಪ್ಪಟಿ ಕಲ್ಲಿತ್ರಿ, ಹುಣಸಿ ಗಿಡದ ಬಾಜೂಕ. ನಮ್ಮಪ್ಪ ಅಲ್ಲಿ ತನಕಾ ಕರ್ಕೊಂಡ್ ಬರ್ತಿದ್ದ, ಅಲ್ಲಿಂದ ಕೈ ಮುಗೀಬೇಕು. ದೇವರ ಮಾರಿ ಕಾಣತಿದ್ದಿಲ್ಲ. ದೀಪ ಅಷ್ಟ ಕಾಣತಿತ್ತು, ನೆಟ್ಟಗ ಎದರಿಗೆ."

"ಹಂಗಾರ ಹುಣಸಿ ಗಿಡಾ ಹುಡುಕೂಣು" ಅಂದಳು ಬಾಜೂ ಮನೆಯವಳು.

ಹುಡುಕಿದೆವು. ಹುಣಸೆ ಬೊಡ್ಡೆಗಳು ಮೂರು ಸಿಕ್ಕವು. ಒಂದು ಕಡೆ ನಿಂತರೆ ಎಡಗಡೆಯ ಕಟ್ಟೆ ನೇರ, ಇನ್ನೊಂದು ಕಡೆ ನಿಂತರೆ ಬಲಗಡೆಯದು ನೇರ, ಮೂರನೆಯದರಿಂದ ಎರಡೂ ನೇರ ಅಲ್ಲ. ಚಪ್ಪಟೆ ಕಲ್ಲು ಎಲ್ಲಿಯೂ ಇಲ್ಲ. ಕಂಡಕ್ಟರ್ ಮೂರೂ ಕಡೆ ನಿಂತು ಕಣ್ಣು ಕಿರಿದು ಮಾಡಿ ನೋಡಿದ. "ಈಗ ನಾ ಎತ್ರ ಆಗೇನಿ ನೋಡ್ರಿ, ಆವಾಗ ಇಷ್ಟ ಇದ್ನಿ" ಅಂತ ಸೊಂಟದ ಕೆಳಗೆ ಕೈ ತೋರಿಸಿದ. ಕೊನೆಗೆ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತು ಆ ಎತ್ತರದಿಂದಲೂ ನೋಡಿದ. ಎದ್ದು, "ಹೇಳಾಕ ಬರೂದಿಲ್ರಿ. ಸುಳ್ಳ ಹೇಳಿದ್ರ ನನಗೇನೂ ಸಿಗೂದಿಲ್ಲ" ಅಂದ.

ಆಗ ನನಗೆ ಒಂದು ನೆನಪಾಯಿತು. ಇದು ಮಾತ್ರ ತವರಿನದಲ್ಲ, ನಿಶ್ಚಯ. ಲಗ್ನವಾಗಿ ಬಂದ ದಿನ ಗುಡಿಗೆ ಕರೆದುಕೊಂಡು ಹೋದರು. ದೇವರನ್ನು ನಾನು ನೋಡಲೇ ಇಲ್ಲ, ತಲೆ ಎತ್ತಿದರೆ ಅತ್ತೆ ಚಿವುಟುತ್ತಿದ್ದಳು. ನೆಲ ನೋಡಿದೆ. ನೆಲಹಾಸಿನ ಕಲ್ಲಿನಲ್ಲಿ ಒಂದು ಆಮೆ ಕೆತ್ತಿದ್ದರು, ಅದರ ಬೆನ್ನ ಮೇಲೆ ನನ್ನ ಹೆಬ್ಬೆರಳು ಇತ್ತು. ತಣ್ಣಗಿತ್ತು.

"ಆಮಿ ನೋಡ್ರಿ! ಆಮಿ ಎದರಾಗೈತಿ ಅದು ಗುಡಿ" ಅಂದೆ.

ನನಗೆ ಎಷ್ಟು ಹುರುಪು ಬಂತೆಂದರೆ ನಾನೇ ಸಲಿಕೆ ಹಿಡಿದೆ. ಮಗ, ಬಾಜೂ ಮನೆಯವಳು, ಕಂಡಕ್ಟರ್ ಎಲ್ಲ ಸೇರಿ ಎರಡೂ ಕಟ್ಟೆಗಳ ಮೇಲಿನ ಹೂಳು ಎಳೆದು ಹಾಕಿದೆವು. ಮಧ್ಯಾಹ್ನವಾಯಿತು. ಎರಡರ ಮೇಲೂ ನೆಲಹಾಸು ಇರಲಿಲ್ಲ. ಬರೀ ಜಲ್ಲಿ, ಮಣ್ಣು. ಕಂಡಕ್ಟರ್ ಬೆವರು ಒರೆಸಿಕೊಳ್ಳುತ್ತ ಕೇಳಿದ:

"ಅಕ್ಕಾರ, ಮ್ಯಾಲಿನ ಹೊಸಾ ಗುಡ್ಯಾಗ ಬಾಗಲದಾಗ ಒಂದ್ ಆಮಿ ಐತೆಲ್ರಿ?"

ಇತ್ತು. ದಿನಾ ಅದನ್ನು ದಾಟಿಯೇ ನಾನು ಒಳಗೆ ಹೋಗುವುದು. ಊರು ಏಳುವಾಗ ಚಪ್ಪಡಿಗಳನ್ನೆಲ್ಲ ಕಿತ್ತುಕೊಂಡು ಬಂದು ಹೊಸ ಗುಡಿಗೆ ಹಾಕಿದ್ದರು. ದೇವರು ಮೇಲೆ, ಆಮೆ ಮೇಲೆ, ನಾವು ನಾಲ್ವರು ಕೆಳಗೆ ಬಿಸಿಲಲ್ಲಿ ಸಲಿಕೆ ಹಿಡಿದು ನಿಂತಿದ್ದೆವು. ಮೊದಲು ನಕ್ಕವನು ಕಂಡಕ್ಟರ್. ಆಮೇಲೆ ಬಾಜೂ ಮನೆಯವಳು. ನನ್ನ ಮಗ ನಗಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಅವನು ಹೇಳಿದ, "ಯವ್ವಾ, ಗೊತ್ತಿಲ್ಲಂತ ಮಾತ್ರ ಹೇಳಬ್ಯಾಡ. ಗೊತ್ತಿಲ್ಲಂದ್ರ ಹೋದ್ ಹನ್ನೊಂದ್ ವರ್ಷದ್ದೂ ಎತ್ತತಾರ. ಅಪ್ಪಾ ಎಲ್ಲಿ ನಿಂತಿದ್ದ ನೆನಪ ಮಾಡ್ಕೊ."

ಮಾಡಿಕೊಂಡೆ. ಗಂಡ ಗೆರೆ ಹಾಕಿ ಬಂದ ದಿನ ಏನು ಹೇಳುತ್ತಿದ್ದ? ರೊಟ್ಟಿ ದಪ್ಪ ಆಗಿದೆ ಅನ್ನುತ್ತಿದ್ದ. ಕಾಲು ತೊಳೆಯಲು ನೀರು ಕೇಳುತ್ತಿದ್ದ. ಒಮ್ಮೆ, ಗುಡಿಯ ಕಡೆ ಕೆಸರು ಬಹಳ ಅಂದಿದ್ದ. ಕೆಸರು ಎಲ್ಲ ಕಡೆಯೂ ಬಹಳ. ಇಷ್ಟು ವರ್ಷ ಬಾಳುವೆ ಮಾಡಿದ ಮನುಷ್ಯ ಒಂದು ಉಪಯೋಗಕ್ಕೆ ಬರುವ ಮಾತು ಬಿಟ್ಟು ಹೋಗಿರಲಿಲ್ಲ.

ಯೋಚನೆ ಮಾಡಿದಷ್ಟೂ ಕೆಟ್ಟಿತು. ಒಂದು ಸಲ ಎಡಗಡೆಯದೇ ಗುಡಿ ಅನ್ನಿಸುತ್ತಿತ್ತು, ಯಾಕೆಂದರೆ ಮನೆಯಿಂದ ಹೊಳೆಗೆ ಹೋಗುವಾಗ ಮೊದಲು ಗಂಡಸರ ಮಾತು ಕೇಳಿಸಿ ನಾನು ಸೆರಗು ಎಳೆದುಕೊಳ್ಳುತ್ತಿದ್ದೆ, ಅದು ಚಾವಡಿ. ಆಮೇಲೆ ಎಣ್ಣೆಯ ವಾಸನೆ ಬರುತ್ತಿತ್ತು, ಅದು ಗುಡಿ. ಹೊಳೆಗೆ ಹೋಗುವವರಿಗೆ ಮೊದಲು ಸಿಗುವುದು ಬಲಗಡೆಯ ಕಟ್ಟೆ, ಆಮೇಲೆ ಎಡಗಡೆಯದು. ಮರುಗಳಿಗೆಗೆ, ನಾನು ನೆನೆಸುತ್ತಿರುವುದು ಹೋಗುವ ದಾರಿಯೋ ಬರುವ ದಾರಿಯೋ ಅನ್ನುವ ಪ್ರಶ್ನೆ. ಬರುವ ದಾರಿಯಾದರೆ ಎಲ್ಲ ಉಲ್ಟಾ.

ಮೂರನೇ ದಿನ ಬೆಳಿಗ್ಗೆ ಹೊಲದ ಮೇಲ್ಮೈ ಬೆಳ್ಳಗೆ ಆಗತೊಡಗಿತ್ತು. ಅಂಚಿನಲ್ಲಿ ಕೂದಲಿನಂಥ ಬಿರುಕು. ಬಾಕಿಯವರೆಲ್ಲ ತಮ್ಮ ತಮ್ಮ ಗೆರೆ ಹಾಕಿಕೊಂಡು ಊರುತ್ತಿದ್ದರು. ಮಗ ಬುಟ್ಟಿಯ ಒಂದು ಕಿವಿ ಹಿಡಿದು ನಿಂತಿದ್ದ, ಬಾಜೂ ಮನೆಯವಳು ಇನ್ನೊಂದು ಕಿವಿ. ಇಬ್ಬರೂ ನನ್ನ ಕಾಲು ಯಾವ ಕಡೆ ತಿರುಗುತ್ತದೆ ಅಂತ ನೋಡುತ್ತಿದ್ದರು.

ನಾನು ಎಡಗಡೆಯ ಕಟ್ಟೆ ಹತ್ತಿದೆ. ಕನಿಕರದಿಂದ ಹತ್ತಲಿಲ್ಲ, ಅದನ್ನು ಸ್ಪಷ್ಟ ಹೇಳುತ್ತೇನೆ. ನೆನಪಾಗಿಯೂ ಹತ್ತಲಿಲ್ಲ. ನನ್ನ ಲೆಕ್ಕ ಇಷ್ಟೇ: ಈ ಕಡೆ ತಪ್ಪಾದರೆ ಮಗ ಮನೆಯಲ್ಲಿ ಕೂಗಾಡುತ್ತಾನೆ. ಆ ಕಡೆ ತಪ್ಪಾದರೆ ಇವಳು ದಿನಾ ನಳದ ಹತ್ತಿರ ಸುಮ್ಮನೆ ನನ್ನನ್ನು ನೋಡುತ್ತಾಳೆ. ಕೂಗಾಟ ನನಗೆ ರೂಢಿ ಇದೆ. ಎಲ್ಲಮ್ಮನ ಗುಡ್ಡದ ಎಡತುದಿಗೆ ಕೈ ಚಾಚಿದೆ.

ಮಗ ಬುಟ್ಟಿ ಎತ್ತಿ ನಡೆದ. ಬೂದಿ ಚೆಲ್ಲುವುದು ಎಷ್ಟು ನೇರ ಹೋಯಿತೆಂದರೆ ದಂಡೆಯ ಮೇಲೆ ನಿಂತ ಕಂಡಕ್ಟರನಿಗೂ ನಗಲು ಏನೂ ಸಿಗಲಿಲ್ಲ. ಗೆರೆ ಮುಗಿಸಿ ಬುಟ್ಟಿ ಕೆಳಗಿಟ್ಟು ಮಗ ನಮ್ಮ ಕಡೆಯ ಹೊಲಕ್ಕೆ ಹೋದ. ಅವತ್ತು ಅವನು ಮನೆಯಲ್ಲಿ ಊಟ ಮಾಡಲಿಲ್ಲ. ಮರುದಿನ ಮಾಡಿದ.

ಮಧ್ಯಾಹ್ನ ನಾನು ಬಾಜೂ ಮನೆಯವಳ ಹತ್ತಿರ ಹೋದೆ. ಬೂದಿ ಗೆರೆಯ ಬಲಕ್ಕೆ ಅವಳ ಪಾಲಿಗೆ ಹೊಸದಾಗಿ ಬಂದ ನೆಲದಲ್ಲಿ ಕೂತು ಒಂದೊಂದೇ ಕಾಳು ಬೆರಳಲ್ಲಿ ಒತ್ತಿ ಊರುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ದೊಡ್ಡವ್ವಾ, ಅದ ಖರೇ ಗುಡಿ ಕಟ್ಟಿ, ಹೌದಲ್ರಿ?"

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬರಲಿಲ್ಲ.

"ನನಗ ಗೊತ್ತಿಲ್ಲವಾ."

ಅವಳ ಬೆರಳು ಮಣ್ಣಿನಲ್ಲೇ ನಿಂತಿತು.

"ಮತ್ತ ಅಲ್ಲಿ ಯಾಕ ನಿಂತ್ರಿ?"

"ಎಲ್ಲೆರೆ ನಿಂದ್ರಬೇಕಿತ್ತು. ಹಸಿ ಆರಾಕತ್ತಿತ್ತು."

"ಹಂಗಾರ ನಾ ಊರಾಕತ್ತಿದ್ದು ಯಾರ ಹೊಲಾನ್ರಿ?"

ಅವಳು ಈಗ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿತ್ತೋ ಇಲ್ಲವೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು, ತಿಳಿಯಲಿಲ್ಲ.

"ನಮ್ಮವರು ಸಾಯೂ ತನಕಾ ನಿಮ್ಮ ಕೈ ನಂಬಿ ಬುಟ್ಟಿ ಹಿಡದಾರ್ರಿ. ಆವಾಗೂ ನಿಮಗ ಗೊತ್ತಿದ್ದಿಲ್ಲೇನ್ರಿ?"

"ಗೊತ್ತೈತಿ ಅಂತ ತಿಳಕೊಂಡಿದ್ನಿ" ಅಂದೆ. ಅದು ನಿಜ. ಅದಕ್ಕಿಂತ ಹೆಚ್ಚು ನಿಜ ನನ್ನ ಹತ್ತಿರ ಇರಲಿಲ್ಲ.

ಅವಳು ಕೈಯಲ್ಲಿದ್ದ ಕಾಳನ್ನು ಉಡಿಗೆ ಸುರಿದುಕೊಂಡಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಊರಿದ್ದನ್ನು ಬಿಟ್ಟು, ಗೆರೆ ಅಳಿಸಿ, ಹೋಗಿ ನನ್ನ ಮಗನನ್ನು ಕರೆಯುತ್ತಾಳೆ ಅಂದುಕೊಂಡೆ. ಅವಳು ಎರಡು ಕಡೆಯೂ ಎಷ್ಟು ಸಾಲು ಉಳಿದಿದೆ ನೋಡಿದಳು. ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು.

"ಇನ್ನ ನಾಕ್ ಸಾಲ ಅದಾವ. ಊರಾಕ ಕುಂದ್ರತಿದ್ರ ಕುಂದ್ರ್ರಿ, ಇಲ್ಲಾಂದ್ರ ಮನಿಗಿ ಹೋಗ್ರಿ. ನೀವು ನಿಂತ ನೆರಳು ನನಗ ಅಡ್ಡ ಆಗಾಕತ್ತೈತಿ."

ಕೂತೆ. ಉಡಿಯಿಂದ ಒಂದು ಹಿಡಿ ಹೆಸರು ತೆಗೆದು ನನ್ನ ಕೈಗೆ ಹಾಕಿದಳು. ಎರಡು ಸಾಲು ಅವಳು ಊರಿದಳು, ಎರಡು ನಾನು ಊರಿದೆ. ಅವಳ ಹೊಲಕ್ಕೆ ಊರಿದೆನೋ ನಮ್ಮದಕ್ಕೆ ಊರಿದೆನೋ, ಆ ಹೊತ್ತಿಗೆ ಇಬ್ಬರೂ ಕೇಳಲಿಲ್ಲ.